21 ವರ್ಷದ ಮಗ ಸ್ನಾನಕ್ಕೆ ಒಪ್ಪುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕಾಪು ಹತ್ತಿರ. ಮಗನಿಗೆ 21 ವರ್ಷ. ಬುದ್ಧಿಮಾಂದ್ಯತೆ ಇದೆ, ಜೊತೆಗೆ ಆಟಿಸಂ ಲಕ್ಷಣಗಳೂ ಇವೆ ಎಂದು ಡಾಕ್ಟರ್ ಹೇಳಿದ್ದಾರೆ. ಚಿಕ್ಕವನಿದ್ದಾಗ ಫಿಟ್ಸ್ ಬರುತ್ತಿತ್ತು, ಈಗಲೂ ಮಾತ್ರೆ ಇದೆ. ಊಟ ತಾನೇ ಮಾಡುತ್ತಾನೆ, ಬಟ್ಟೆ ತಾನೇ ಹಾಕಿಕೊಳ್ಳುತ್ತಾನೆ. ಸ್ನಾನ ಮಾತ್ರ ಇವತ್ತಿಗೂ ನಾನೇ ಮಾಡಿಸಬೇಕು. ಆರು ತಿಂಗಳಿಂದ ಅದಕ್ಕೂ ಬಿಡುವುದಿಲ್ಲ. ಸೋಪು ಹಚ್ಚಿದರೆ ಕಿರುಚುತ್ತಾನೆ, ನನ್ನನ್ನು ದೂಡುತ್ತಾನೆ. ಬ್ರಷ್ ಬಾಯಿಗೆ ಹಾಕಲು ಬಿಡುವುದಿಲ್ಲ. ಒಳಚಡ್ಡಿ ಬದಲಿಸುವುದಿಲ್ಲ. ಅವನು ಹೋಗುವ ತರಬೇತಿ ಕೇಂದ್ರದಲ್ಲಿ ವಾಸನೆ ಬರುತ್ತದೆ ಎಂದು ಬೇರೆಯವರು ದೂರ ಕೂರುತ್ತಾರಂತೆ. ಯಜಮಾನರು ಕುವೈತಿನಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಅವನು. ನನ್ನ ತಮ್ಮ ಭಾನುವಾರ ಬಂದು ಹೋಗುತ್ತಾನೆ. ಬೈದು ನೋಡಿದೆ, ಚಾಕಲೇಟ್ ಕೊಟ್ಟು ನೋಡಿದೆ. ನನಗೂ ಮೊಣಕಾಲು ನೋವು. ಏನು ಮಾಡಲಿ?

ಉತ್ತರ: ಅಕ್ಕ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಷ್ಟಗಳು ಸೇರಿಕೊಂಡಿವೆ. ಅವನಿಗೆ ಸ್ನಾನ ಮಾಡಿಕೊಳ್ಳಲು ಬರುವುದಿಲ್ಲ. ಇದು 21 ವರ್ಷದ ಹಳೆಯದು. ಅವನು ಸ್ನಾನ ಮಾಡಿಸಲು ಬಿಡುವುದಿಲ್ಲ. ಇದು ಆರು ತಿಂಗಳದ್ದು. ಮೊದಲು ಆರು ತಿಂಗಳದ್ದನ್ನು ನೋಡೋಣ.

ಇಷ್ಟು ವರ್ಷ ಬಿಡುತ್ತಿದ್ದವನು ಈಗ ಯಾಕೆ ಬಿಡುತ್ತಿಲ್ಲ? ಇಂಥ ಪ್ರಶ್ನೆ ಬಂದಾಗ ನಾನು ಹಟ, ಮೊಂಡುತನ ಎಂಬ ಮಾತನ್ನು ಪಕ್ಕಕ್ಕಿಟ್ಟು ಮೈಯನ್ನು ನೋಡುತ್ತೇನೆ. ನೋವು ಎಂದು ಹೇಳಲು ಬಾರದವರು ಕೈಯಿಂದ ದೂಡಿಯೇ ಹೇಳುವುದು. ಸೋಪು ಹಚ್ಚಿದಾಗಲೇ ಕಿರುಚುತ್ತಾನೆ ಎಂದು ಬರೆದಿದ್ದೀರಿ. ನೀರು ಹಾಕಿದಾಗ ಸುಮ್ಮನಿರುತ್ತಾನಾ? ಹಾಗಿದ್ದರೆ ತೊಡೆಸಂದು, ಕಂಕುಳು, ಸೊಂಟದ ಪಟ್ಟಿ ತಾಗುವ ಜಾಗ ನೋಡಿ. ಕೆಂಪಗೆ, ಅಂಚು ಉಬ್ಬಿದ ಉಂಗುರದ ಹಾಗೆ ಇದ್ದರೆ ಅದು ಹುಳುಕಡ್ಡಿ. ನಮ್ಮ ಕರಾವಳಿಯ ಬೆವರಿಗೆ, ಒದ್ದೆ ಒಳಚಡ್ಡಿಗೆ ಇದು ತುಂಬ ಬೇಗ ಬರುತ್ತದೆ. ತುರಿಸಿ ತುರಿಸಿ ಒಡೆದ ಚರ್ಮಕ್ಕೆ ಸೋಪು ತಾಗಿದರೆ ನಾವೂ ಕಿರುಚುತ್ತೇವೆ.

ಒಂದು ಎಚ್ಚರಿಕೆ. ಮೆಡಿಕಲ್ ಶಾಪಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳಿ ತರಬೇಡಿ. ಹಾಗೆ ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಇನ್ನೂ ದೊಡ್ಡದಾಗಿ ಹರಡುತ್ತದೆ. ಚರ್ಮದ ಡಾಕ್ಟರಿಗೇ ತೋರಿಸಿ. ಅವರು ಹೇಳಿದಷ್ಟು ವಾರ ಹಚ್ಚಿ. ಕಡಿಮೆಯಾಯಿತು ಎಂದು ಅರ್ಧಕ್ಕೆ ಬಿಡಬೇಡಿ.

ಎರಡನೆಯದು ಹಲ್ಲು. ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ ಬರುತ್ತದೆ. ಅಡ್ಡ ಬಂದರೆ ಹಿಂದಿನ ವಸಡು ಊದಿಕೊಂಡು ಬಾಯಿ ತೆರೆಯುವುದೇ ಕಷ್ಟ. ಅವನ ವಯಸ್ಸು ಸರಿಯಾಗಿ ಅದರ ಮಧ್ಯದಲ್ಲಿದೆ. ಇನ್ನೊಂದು ವಿಷಯ ಫಿಟ್ಸ್ ಮಾತ್ರೆ. ಅದು ಫೆನಿಟಾಯಿನ್ ಆಗಿದ್ದರೆ, ಅಂದರೆ ಎಪ್ಟಾಯಿನ್ ಮುಂತಾದ ಹೆಸರಿನಲ್ಲಿ ಸಿಗುವಂಥದ್ದು, ಕೆಲವರಿಗೆ ವಸಡು ದಪ್ಪವಾಗಿ ಹಲ್ಲಿನ ಮೇಲೆ ಬೆಳೆಯುತ್ತದೆ. ಬ್ರಷ್ ತಾಗಿದರೆ ರಕ್ತ ಬರುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದು ಅಪಾಯ. ಮಾತ್ರೆ ಚೀಟಿ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಮಂಗಳೂರು, ಮಣಿಪಾಲದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರ ಇಲ್ಲ. ಮೊದಲ ದಿನ ಕುರ್ಚಿಯಲ್ಲಿ ಕೂತು, ಲೈಟ್ ನೋಡಿ, ವಾಪಸ್ ಬಂದರೆ ಸಾಕು ಎಂದು ಮೊದಲೇ ಅವರ ಹತ್ತಿರ ಮಾತಾಡಿಕೊಳ್ಳಿ.

ಮೂರನೆಯದು ನೀರಿನ ಬಿಸಿ. ಬಿಸಿನೀರನ್ನು ತಲೆಗೆ ಸುರಿದಾಗಲೇ ಬರುವ ಒಂದು ಬಗೆಯ ಫಿಟ್ಸ್ ಇದೆ. ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚು ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ತುಂಬ ಕೆಲಸ ಮಾಡಿದ್ದಾರೆ. ನಿಮ್ಮ ಮಗನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ತಲೆಗೆ ನೀರು ಬಿದ್ದಾಗ ಅವನು ಕ್ಷಣ ಹೊತ್ತು ಮಂಕಾಗುವುದು, ಕಣ್ಣು ಒಂದೇ ಕಡೆ ನಿಲ್ಲುವುದು, ಇಲ್ಲವೇ ಚೊಂಬಿನ ಮೇಲೆ ಚೊಂಬು ಬೇಗ ಬೇಗ ಸುರಿದುಕೊಳ್ಳುವುದು ಕಂಡಿದ್ದರೆ ನರರೋಗ ತಜ್ಞರಿಗೆ ಹೇಳಿ. ಏನೇ ಇರಲಿ, ಅವನಿಗೆ ಉಗುರುಬೆಚ್ಚಗಿನ ನೀರೇ ಸಾಕು. ನಮ್ಮ ಕಡೆ ಹಂಡೆ ನೀರು ಕುದಿಯುವಷ್ಟು ಕಾದಿರಬೇಕು, ಇಲ್ಲದಿದ್ದರೆ ಮಿಂದ ಹಾಗೆಯೇ ಆಗುವುದಿಲ್ಲ ಎನ್ನುವ ಅಜ್ಜಿಯರು ಇದ್ದಾರೆ. ನಿಮ್ಮ ಅತ್ತೆ ಆ ಪೈಕಿಯಾದರೆ ಮೆಲ್ಲ ಹೇಳಿ ನೋಡಿ. 60 ಡಿಗ್ರಿ ಬಿಸಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ತಲೆಸ್ನಾನವನ್ನು ಮೈಸ್ನಾನದಿಂದ ಬೇರೆ ಮಾಡಿ, ಬೇರೆ ದಿನ ಇಟ್ಟುಕೊಳ್ಳಿ.

ಇದೆಲ್ಲ ನೋಡಿದ ಮೇಲೂ ಏನೂ ಸಿಗದಿದ್ದರೆ? ಆಗ ಇನ್ನೊಂದು ಕಾರಣ ಉಳಿಯುತ್ತದೆ. ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳುತ್ತೇನೆ. ಅವನು ಗಂಡಸಾಗಿದ್ದಾನೆ. ಮೀಸೆ ಬಂದಿದೆ. ಅಮ್ಮ ಮುಟ್ಟಿ ತೊಳೆಯುವುದು ಅವನಿಗೆ ಬೇಡವಾಗಿರಬಹುದು. ಬುದ್ಧಿಯ ಬೆಳವಣಿಗೆ ನಿಧಾನವಾದರೂ ಮೈ ತನ್ನ ಹೊತ್ತಿಗೆ ತಾನು ಬೆಳೆಯುತ್ತದೆ. ನಾಚಿಕೆಯೂ ಅದರ ಜೊತೆಗೇ ಬರುತ್ತದೆ. ಹಾಗಾದರೆ ನಿಮ್ಮನ್ನು ದೂಡಿದ್ದು ನನಗೆ ಒಳ್ಳೆಯ ಸುದ್ದಿಯಾಗಿಯೇ ಕೇಳಿಸುತ್ತದೆ. ಯಾರು ಬಟ್ಟೆ ಬಿಚ್ಚಿದರೂ ಸುಮ್ಮನೆ ನಿಲ್ಲುವ ಹುಡುಗನಿಗೆ, ಹುಡುಗಿಗೆ, ನಾಳೆ ಯಾರೋ ಕೆಟ್ಟ ಕೈ ಹಾಕಿದಾಗ ಬೇಡ ಎನ್ನಲು ಬರುವುದಿಲ್ಲ. ಅವನಿಗೆ ಬರುತ್ತದೆ.

ಈಗ 21 ವರ್ಷದ್ದಕ್ಕೆ ಬರೋಣ. ನೋವಿನ ಕಾರಣ ಸಿಕ್ಕಿದರೆ ಅದು ವಾಸಿಯಾಗುವವರೆಗೆ ಕಲಿಸುವ ಕೆಲಸ ಶುರು ಮಾಡಬೇಡಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೂ ಸಾಕು.

ಊಟ, ಬಟ್ಟೆ ತಾನೇ ಮಾಡುತ್ತಾನೆ ಎಂದಿದ್ದೀರಿ. ಅಂಗಿಯ ಗುಂಡಿ ಹಾಕುವ ಕೈಗೆ ಸೋಪು ಉಜ್ಜಲು ಆಗದೇ ಇರುತ್ತದಾ? ಅವನು ಕಲಿಯಲಿಲ್ಲ, ಯಾಕೆಂದರೆ ಬೆಳಿಗ್ಗೆ ಏಳೂವರೆಗೆ ವ್ಯಾನ್ ಬರುತ್ತದೆ, ನೀವು ಮಾಡಿಸಿದರೆ ಐದು ನಿಮಿಷ, ಅವನು ಮಾಡಿದರೆ ಮುಕ್ಕಾಲು ಗಂಟೆ. ಎಲ್ಲ ಮನೆಯಲ್ಲೂ ಇದೇ ಕಥೆ. ಹಾಗಾಗಿ ಮೊದಲ ಬದಲಾವಣೆ ಹೊತ್ತಿನದ್ದು. ಸ್ನಾನವನ್ನು ಸಂಜೆಗೆ ಹಾಕಿ. ಕೇಂದ್ರದಿಂದ ಬಂದು, ಚಹಾ ಕುಡಿದು, ಆಮೇಲೆ. ಮರುದಿನ ಬೆಳಿಗ್ಗೆ ಮುಖ, ಕಂಕುಳು ತೊಳೆದು ಹೋದರೆ ಸಾಕು. ದಿನಾ ಬೆಳಿಗ್ಗೆ ಮೀಯಲೇಬೇಕು ಎಂಬ ನಿಯಮವನ್ನು ಒಂದು ವರ್ಷದ ಮಟ್ಟಿಗೆ ಬಿಟ್ಟುಬಿಡಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಎರಡನೆಯದು ಮಾತು. ನಿಮ್ಮ ಮನೆಯಲ್ಲಿ ಬಹುಶಃ ತುಳು. ಅಜ್ಜಿ ‘ಮೀಯೆರೆ ಬಲ’ ಎನ್ನುತ್ತಾರೆ. ಕೇಂದ್ರದಲ್ಲಿ ಟೀಚರ್ ‘ಸ್ನಾನ ಮಾಡು’ ಎನ್ನುತ್ತಾರೆ. ನಮ್ಮಂಥ ಥೆರಪಿಸ್ಟ್‌ಗಳು ‘ಬಾತ್ ಟೈಂ’ ಎನ್ನುತ್ತೇವೆ. ಮೂರೂ ಒಂದೇ ಎಂದು ನಮಗೆ ಗೊತ್ತು, ಅವನಿಗೆ ಗೊತ್ತಿರಬೇಕಲ್ಲ. ಒಂದೇ ಮಾತು ಆರಿಸಿಕೊಳ್ಳಿ. ಮನೆಮಾತೇ ಒಳ್ಳೆಯದು. ಕೇಂದ್ರದವರಿಗೂ ಅದನ್ನೇ ಬರೆದುಕೊಡಿ.

ಇನ್ನು ಕಲಿಸುವ ಕ್ರಮ. ನಮ್ಮ ಕೆಲಸದಲ್ಲಿ ಇದಕ್ಕೆ ಹಿಂದಿನಿಂದ ಮುಂದಕ್ಕೆ ಕಲಿಸುವುದು ಎನ್ನುತ್ತೇವೆ. ಸ್ನಾನವನ್ನು ಚಿಕ್ಕ ಚಿಕ್ಕ ಕೆಲಸಗಳಾಗಿ ಒಡೆಯಿರಿ. ಬಟ್ಟೆ ಬಿಚ್ಚಿ ಬಕೆಟ್‌ಗೆ ಹಾಕುವುದು, ಮೈಗೆ ನಾಲ್ಕು ಚೊಂಬು ನೀರು, ಕೈಗೆ ಸೋಪು, ಕುತ್ತಿಗೆ, ಕಂಕುಳು, ಎದೆ, ತೊಡೆಸಂದು, ಕಾಲು, ಮತ್ತೆ ನೀರು, ಒರೆಸುವುದು, ಬೈರಾಸನ್ನು (ಮೈ ಒರೆಸುವ ಬಟ್ಟೆ) ಹಗ್ಗಕ್ಕೆ ಹಾಕುವುದು. ಎಲ್ಲವನ್ನೂ ಎಂದಿನ ಹಾಗೆ ನೀವೇ ಮಾಡಿ, ಕೊನೆಯದೊಂದನ್ನು ಅವನಿಗೆ ಬಿಡಿ. ಬೈರಾಸು ಹಗ್ಗಕ್ಕೆ. ಅಷ್ಟೇ. ಅದು ನೀವು ಹೇಳದೆಯೇ ನಾಲ್ಕೈದು ದಿನ ನಡೆದರೆ, ಒರೆಸಿಕೊಳ್ಳುವುದನ್ನೂ ಅವನಿಗೆ ಬಿಡಿ. ಆಮೇಲೆ ಕೊನೆಯ ನೀರು. ಹೀಗೆ ಹಿಂದೆ ಹಿಂದೆ ಸರಿಯುತ್ತ ಹೋಗಿ.

ಮೊದಲಿನಿಂದ ಯಾಕೆ ಕಲಿಸಬಾರದು? ಕಲಿಸಬಹುದು. ಆದರೆ ಹಾಗೆ ಮಾಡಿದರೆ ಅವನು ಬಟ್ಟೆ ಬಿಚ್ಚುವ ತನಕ ಕೆಲಸ ಮಾಡುತ್ತಾನೆ, ಆಮೇಲೆ ಅವನಿಗೆ ಸಿಗುವುದು ಅವನಿಗೆ ಇಷ್ಟವಿಲ್ಲದ ಸೋಪು. ಕೊನೆಯಿಂದ ಕಲಿಸಿದರೆ ಪ್ರತಿದಿನ ಅವನ ಕೈಯಿಂದಲೇ ಸ್ನಾನ ಮುಗಿಯುತ್ತದೆ. ಮುಗಿಯಿತು, ಹೊರಗೆ ಹೋಗಬಹುದು ಎನ್ನುವುದೇ ಅವನಿಗೆ ದೊಡ್ಡ ಬಹುಮಾನ. ಚಾಕಲೇಟ್ ಬೇಕಾಗುವುದಿಲ್ಲ. ಸಂಜೆ ಚಾಕಲೇಟ್ ಕೊಟ್ಟು, ರಾತ್ರಿ ಬ್ರಷ್ ಹಿಡಿದುಕೊಂಡು ಹಿಂದೆ ಓಡುವುದು ನಮಗೇ ಬೇಡದ ಕೆಲಸ, ಅಲ್ವಾ?

ಚಿತ್ರಪಟ ಅಂಟಿಸಿ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಮನೆಗೆ ಚಂದದ ಚಾರ್ಟ್ ಪ್ರಿಂಟ್ ಮಾಡಿಕೊಟ್ಟಿದ್ದೆ. ಒಂದು ತಿಂಗಳಾದರೂ ಹುಡುಗ ಅದರ ಕಡೆ ನೋಡಲೂ ಇಲ್ಲ. ಅವನ ಅಜ್ಜ ಕೇಳಿದರು, ‘ಇದರಲ್ಲಿ ಹಂಡೆ ಎಲ್ಲಿದೆ?’ ನನ್ನ ಚಾರ್ಟಿನಲ್ಲಿ ಶವರ್ ಇತ್ತು, ಬಾತ್‌ಟಬ್ ಇತ್ತು, ಹಳದಿ ಕೂದಲಿನ ಹುಡುಗ ಇದ್ದ. ಆ ಮನೆಯಲ್ಲಿದ್ದದ್ದು ಬಚ್ಚಲ ಒಲೆ, ಗೆರಟೆ ಬೆಂಕಿ, ಒಂದು ತಾಮ್ರದ ಹಂಡೆ. ಅದರ ನಂತರ ನಾನು ಚಾರ್ಟ್ ಹಂಚಿಲ್ಲ. ನಿಮ್ಮದೇ ಬಚ್ಚಲಿನಲ್ಲಿ, ನಿಮ್ಮದೇ ಬಕೆಟ್, ಚೊಂಬು, ಸೋಪಿನ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಅವನ ಕೈ ಮಾತ್ರ ಕಾಣಲಿ. ಲ್ಯಾಮಿನೇಟ್ ಮಾಡಿಸಿ ಅವನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಲ್ಯಾಮಿನೇಟ್ ಮಾಡಿಸದಿದ್ದರೆ ನಮ್ಮ ಮಳೆಗಾಲಕ್ಕೆ ಎರಡೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ.

ಎಲ್ಲಕ್ಕಿಂತ ಕಷ್ಟದ ಭಾಗ ನಿಮ್ಮದು. ಸುಮ್ಮನಿರುವುದು. ‘ಸೋಪು ತಗೋ, ಇಲ್ಲಿ ಉಜ್ಜು, ಆ ಕಡೆ ಬಾಕಿ ಇದೆ’ ಎಂದು ಹೇಳುತ್ತಲೇ ಇದ್ದರೆ ಅವನು ಕಲಿಯುವುದು ನಿಮ್ಮ ದನಿಗೆ ಕಾಯುವುದನ್ನು. ನೀವು ಹೇಳದ ದಿನ ಕೈ ನಿಲ್ಲುತ್ತದೆ. ಅವನು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಆಮೇಲೆ ಫೋಟೋ ಕಡೆ ಬೆರಳು ತೋರಿಸಿ. ಅದಕ್ಕೂ ಆಗದಿದ್ದರೆ ಅವನ ಮೊಣಕೈ ಮೆಲ್ಲಗೆ ಮುಟ್ಟಿ. ಮಾತು ಕಡೆಯದು. ಹತ್ತು ಎಣಿಸುವುದು ಸುಲಭ ಎಂದು ಕಾಣುತ್ತದೆ. ಒಮ್ಮೆ ಮಾಡಿ ನೋಡಿ, ನಾಲ್ಕಕ್ಕೇ ಬಾಯಿ ತೆರೆದಿರುತ್ತೀರಿ.

ಇದೆಲ್ಲ ನೀವೇ ಮಾಡಬೇಕಾ? ಇಲ್ಲಿ ನಿಮ್ಮ ತಮ್ಮ ಬೇಕು. ಭಾನುವಾರ ಮಧ್ಯಾಹ್ನ ಬಂದು ಊಟ ಮಾಡಿ ಹೋಗುವ ಬದಲು ಶನಿವಾರ ಸಂಜೆ ಬಂದು ಉಳಿಯಲಿ. ನಮ್ಮ ಕಡೆ ಸೋದರಮಾವನ ಮಾತಿಗೆ ಮೊದಲಿನಿಂದಲೂ ಒಂದು ತೂಕ ಇದೆ. ಅಂಗಳದ ಕಲ್ಲಿನ ಹತ್ತಿರ ಇಬ್ಬರೂ ಚಡ್ಡಿಯಲ್ಲಿ ನಿಂತು, ಮಾವ ಒಂದು ಚೊಂಬು, ಅಳಿಯ ಒಂದು ಚೊಂಬು. ಮಾವ ಕಂಕುಳು ಉಜ್ಜುವಾಗ ಇವನೂ ಉಜ್ಜಲಿ. ನೋಡಿ ಕಲಿಯುವುದು ಇಂಥ ಮಕ್ಕಳಿಗೆ ಹೇಳಿ ಕಲಿಸುವುದಕ್ಕಿಂತ ಎಷ್ಟೋ ಸುಲಭ. ಗಂಡಸರ ಅಂಗ ತೊಳೆಯುವುದು, ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ಬರೀ ನೀರಿನಲ್ಲಿ ತೊಳೆಯುವುದು, ಇದನ್ನೂ ಮಾವನೇ ಹೇಳಿಕೊಡಲಿ. ಬಾಯಲ್ಲಿ, ಅಥವಾ ಚಿತ್ರ ಬರೆದು. ಯಜಮಾನರು ರಜೆಯಲ್ಲಿ ಬಂದಾಗ ಅವರಿಗೂ ಇದೇ ಕೆಲಸ.

ನೀವು ಹಂತ ಹಂತವಾಗಿ ಬಚ್ಚಲಿನಿಂದ ಹೊರಗೆ ಬನ್ನಿ. ಮೊದಲು ಬಾಗಿಲ ಹತ್ತಿರ, ಬೆನ್ನು ಹಾಕಿ. ಆಮೇಲೆ ಹೊರಗೆ. ಬಾಗಿಲು ಮುಚ್ಚಿರಲಿ, ಆದರೆ ಒಳಗಿನ ಚಿಲಕ ತೆಗೆಸಿಬಿಡಿ. ಫಿಟ್ಸ್ ಇರುವವನಿಗೆ ಒಳಗಿನಿಂದ ಚಿಲಕ ಬೇಡ. ಒಳಗೆ ಯಾರೋ ಇದ್ದಾರೆ ಎಂದು ಗೊತ್ತಾಗಲು ಬಾಗಿಲಿಗೆ ಒಂದು ಕೆಂಪು ಬಟ್ಟೆ ಸಿಕ್ಕಿಸುವ ಅಭ್ಯಾಸ ಮಾಡಿ, ಮನೆಯವರೆಲ್ಲ ಅದನ್ನು ಪಾಲಿಸಿ. ಬಕೆಟ್‌ನಲ್ಲಿ ಅವನಿಗೆ ಬೇಕಾದ ಬಿಸಿಗೆ ನೀರು ಬೆರೆಸಿಟ್ಟು ಬನ್ನಿ, ಹಂಡೆಯಿಂದ ಅವನೇ ತೋಡಿಕೊಳ್ಳುವುದು ಸದ್ಯಕ್ಕೆ ಬೇಡ. ಎಣ್ಣೆ ಹಚ್ಚಿದ ದಿನ ನೆಲ ಜಾರುತ್ತದೆ, ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ.

ಸೋಪಿನ ಬಗ್ಗೆ ಒಂದು ಮಾತು. ಆಟಿಸಂ ಇರುವವರಿಗೆ ವಾಸನೆ, ಸದ್ದು, ಮುಟ್ಟುವಿಕೆ ನಮಗಿಂತ ಜಾಸ್ತಿ ಚುಚ್ಚಬಹುದು. ನಮಗೆ ಘಮ ಅನಿಸುವ ಸೋಪು ಅವರಿಗೆ ಉಸಿರು ಕಟ್ಟಿಸಬಹುದು. ವಾಸನೆ ಇಲ್ಲದ, ಸೌಮ್ಯವಾದ ಸೋಪು ತನ್ನಿ. ಮೆಲ್ಲಗೆ ಸವರಿದರೆ ಕಿರಿಕಿರಿ, ಗಟ್ಟಿಯಾಗಿ ಒತ್ತಿ ಉಜ್ಜಿದರೆ ಹಿತ ಎನ್ನುವವರು ಜಾಸ್ತಿ. ಟವೆಲ್ ಒರಟು ಎನಿಸಿದರೆ ಅಜ್ಜಿಯ ಹಳೆಯ, ಒಗೆದೊಗೆದು ಮೆತ್ತಗಾದ ಬೈರಾಸು ಕೊಡಿ.

ಹಲ್ಲಿಗೂ ಇದೇ ಲೆಕ್ಕ. ನೊರೆ ಮತ್ತು ಪುದೀನದ ಖಾರ, ಎರಡೂ ತೊಂದರೆ. ಕಡಿಮೆ ನೊರೆಯ, ಫ್ಲೋರೈಡ್ ಇರುವ ಪೇಸ್ಟ್, ಕಡಲೆಕಾಳಿನಷ್ಟು. ಮೊದಲ ವಾರ ಪೇಸ್ಟೇ ಬೇಡ, ಮೃದುವಾದ ಬ್ರಷ್‌ಗೆ ಬರೀ ನೀರು. ರಾತ್ರಿಯ ಬ್ರಷ್ ಬೆಳಗ್ಗಿನದ್ದಕ್ಕಿಂತ ಮುಖ್ಯ. ಒಂದೇ ಆಗುವುದಾದರೆ ರಾತ್ರಿಯದ್ದನ್ನು ಉಳಿಸಿಕೊಳ್ಳಿ.

ವಾಸನೆಯ ವಿಷಯ. ಹರೆಯ ಬಂದ ಮೇಲೆ ಕಂಕುಳು, ತೊಡೆಸಂದಿನಲ್ಲಿ ಬೇರೆ ಬಗೆಯ ಬೆವರು ಶುರುವಾಗುತ್ತದೆ. ಬೆವರಿಗೆ ವಾಸನೆ ಇಲ್ಲ, ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿಂದ ವಾಸನೆ. ಅವು ಬಟ್ಟೆಯಲ್ಲೂ ಇರುತ್ತವೆ. ಅದಕ್ಕೇ ಮಿಂದು ಹಳೆಯ ಬನಿಯನ್ ಹಾಕಿದರೆ ಅರ್ಧ ಗಂಟೆಯಲ್ಲಿ ಮತ್ತೆ ಅದೇ ವಾಸನೆ. ನಿಜ ಹೇಳಬೇಕೆಂದರೆ, ದಿನಾ ಸ್ನಾನಕ್ಕಿಂತ ದಿನಾ ಒಳಬಟ್ಟೆ ಬದಲಾಯಿಸುವುದು ನಮ್ಮೂರಿನಲ್ಲಿ ಹೆಚ್ಚು ಮುಖ್ಯ. ಅವನು ಯಾಕೆ ಬದಲಿಸುವುದಿಲ್ಲ ಎಂದು ನೋಡಿ. ಮಳೆಗಾಲದಲ್ಲಿ ಅರೆ ಒಣಗಿದ ಚಡ್ಡಿ ತಣ್ಣಗೆ, ಮುಗ್ಗುಲು ವಾಸನೆಯಾಗಿರುತ್ತದೆ. ಹಾಕಿಕೊಂಡದ್ದು ಬೆಚ್ಚಗಿರುತ್ತದೆ. ಅವನ ಜಾಗದಲ್ಲಿ ನಾನಿದ್ದರೂ ಬದಲಿಸುತ್ತಿರಲಿಲ್ಲ! ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಚಡ್ಡಿಗೆ ಇಸ್ತ್ರಿ ಹಾಕಿ, ಬೆಚ್ಚಗಿರುವಾಗಲೇ ಕೊಡಿ. ಅವನಿಗೆ ಯಾವ ಚಡ್ಡಿ ಇಷ್ಟವೋ ಅದೇ ಬಣ್ಣದ ಏಳು ಚಡ್ಡಿ ತನ್ನಿ. ಹೊಸ ಬಟ್ಟೆಯ ಹಿಂದಿನ ಲೇಬಲ್ ಕತ್ತರಿಸಿ. ಸಂದುಗಳಿಗೆ ಪೌಡರ್ ಬೇಡ, ಬೆವರಿಗೆ ಮುದ್ದೆಯಾಗುತ್ತದೆ.

ಗಡ್ಡಕ್ಕೆ ರೇಜರ್ ಬಿಟ್ಟು ಟ್ರಿಮ್ಮರ್ ಕೊಡಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಯುವಕನಿಗೆ ಟ್ರಿಮ್ಮರ್ ಸದ್ದು ಕೇಳಿದರೆ ಓಡುವಷ್ಟು ಭಯ. ಆದರೆ ಯಕ್ಷಗಾನದ ಹುಚ್ಚು. ಅವನ ಅಣ್ಣ ಒಂದು ಸಲ ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದ. ಕಲಾವಿದರು ಕನ್ನಡಿ ಮುಂದೆ ಕೂತು ಒಬ್ಬೊಬ್ಬರೇ ತಮ್ಮ ಮುಖಕ್ಕೆ ಬಣ್ಣ ಬರೆದುಕೊಳ್ಳುವುದನ್ನು ಇವನು ಎರಡು ಗಂಟೆ ಅಲ್ಲಾಡದೆ ನೋಡಿದ. ಮನೆಗೆ ಬಂದು ಕನ್ನಡಿ ನೆಲಕ್ಕಿಟ್ಟು, ಚಾಪೆ ಹಾಸಿ ಕೂತ. ಬಣ್ಣ ಹಚ್ಚುವ ಮೊದಲು ಗಡ್ಡ ತೆಗೆಯಬೇಕು ಎಂದು ಅಣ್ಣ ಹೇಳಿದ. ಆ ಮನೆಯಲ್ಲಿ ಈಗಲೂ ಗಡ್ಡ ತೆಗೆಯುವುದಕ್ಕೆ ‘ಚೌಕಿ’ ಎಂದೇ ಹೆಸರು. ನಿಮ್ಮ ಮಗನಿಗೆ ಏನು ಇಷ್ಟ ಎಂದು ನೀವು ಬರೆದಿಲ್ಲ. ಅದು ನನಗೆ ಬೇಕಿತ್ತು.

ಕೇಂದ್ರದವರ ಹತ್ತಿರ ಮಾತಾಡಿ. ವಾಸನೆಯ ಮಾತು ಎಲ್ಲರೆದುರು ಬೇಡ ಎಂದು ಹೇಳಿ. ಅವನ ಮಾತು ಕಡಿಮೆ ಇರಬಹುದು, ಕಿವಿ ಕಡಿಮೆ ಇಲ್ಲ. ಅಲ್ಲಿ ಒಂದು ಜೊತೆ ಬಟ್ಟೆ ಇಟ್ಟಿರಲಿ, ಮಧ್ಯಾಹ್ನ ಊಟದ ಮೊದಲು ಎಲ್ಲರೂ ಕೈಮುಖ ತೊಳೆಯುವಾಗ ಇವನೂ ಅಂಗಿ ಬದಲಿಸಲಿ. ಅವನ ವಿಶೇಷ ಶಾಲೆಯ ಹಳೆಯ ಫೈಲ್ ಸಿಗುತ್ತದಾ ಕೇಳಿ. ಎಷ್ಟೋ ಶಾಲೆಗಳು ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಂ ಎಂಬ ಪಟ್ಟಿ ಬಳಸುತ್ತವೆ. 18 ವಿಭಾಗ, ಒಂದೊಂದರಲ್ಲಿ 20 ಕೆಲಸ, ಒಟ್ಟು 360. ಅದರಲ್ಲಿ ಮೈ ಶುಚಿಯ ವಿಭಾಗ ಇದೆ. 14-15ರ ವಯಸ್ಸಿನಲ್ಲಿ ಅವನು ಏನೇನು ತಾನೇ ಮಾಡುತ್ತಿದ್ದ ಎಂದು ಅದರಲ್ಲಿ ಬರೆದಿದ್ದರೆ ನಿಮಗೇ ಆಶ್ಚರ್ಯವಾದೀತು.

ಖರ್ಚಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ. ಆಸ್ಪತ್ರೆಗೆ ಸೇರದೆ ತೋರಿಸಿದ ಖರ್ಚು, ಥೆರಪಿ ಖರ್ಚು ಕೂಡ ಒಂದು ಮಿತಿಯೊಳಗೆ ಸೇರುತ್ತದೆ.

ಹೆಣ್ಣುಮಕ್ಕಳಿರುವ ಅಮ್ಮಂದಿರೂ ಇದನ್ನು ಓದುತ್ತಾರೆ ಎಂದು ಗೊತ್ತು. ಮುಟ್ಟಿನ ಬಗ್ಗೆ ಬೇರೆಯೇ ಬರೆಯಬೇಕು. ಸದ್ಯಕ್ಕೆ ಇಷ್ಟು: ಮುಟ್ಟಾಗದ ದಿನಗಳಲ್ಲೇ ದಿನಕ್ಕೊಮ್ಮೆ ಪ್ಯಾಡ್ ಹಾಕಿ ತೆಗೆಯುವ ಅಭ್ಯಾಸ ಮಾಡಿಸಿ. ‘ಗರ್ಭಕೋಶವನ್ನೇ ತೆಗೆಸಿಬಿಡಿ’ ಎನ್ನುವ ನೆಂಟರ ಸಲಹೆ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಲಿಸಿದರೆ ಬರುವ ಕೆಲಸಕ್ಕೆ ಯಾರಾದರೂ ಆಪರೇಶನ್ ಮಾಡಿಸುತ್ತಾರಾ?

ಎಷ್ಟು ದಿನ ಬೇಕು ಎಂದು ಕೇಳುತ್ತೀರಿ. ಬೈರಾಸಿನಿಂದ ಹಿಡಿದು ಬಟ್ಟೆ ಬಿಚ್ಚುವ ತನಕ ಬರಲು ಆರರಿಂದ ಎಂಟು ತಿಂಗಳು ಹಿಡಿದವರನ್ನು ಕಂಡಿದ್ದೇನೆ. ಎರಡು ವರ್ಷ ಆದವರೂ ಇದ್ದಾರೆ. ಮಧ್ಯದಲ್ಲಿ ಜ್ವರ ಬರುತ್ತದೆ, ಮದುವೆ ಮನೆಗೆ ಹೋಗುತ್ತೀರಿ, ನಾಲ್ಕು ಹೆಜ್ಜೆ ಹಿಂದೆ ಹೋಗುತ್ತದೆ. ಬೆನ್ನು ಸರಿಯಾಗಿ ಉಜ್ಜಲು ಅವನಿಗೆ ಯಾವತ್ತೂ ಬರದೇ ಇರಬಹುದು. ನನಗೂ ಬರುವುದಿಲ್ಲ.

ಮುಂದಿನ ವಾರ ಚರ್ಮದ ಡಾಕ್ಟರು, ಹಲ್ಲಿನ ಡಾಕ್ಟರು. ಅವರು ಸರಿ ಎಂದ ಮೇಲೆ ಒಂದು ಸೋಮವಾರ ಸಂಜೆ ಬೈರಾಸು ಅವನ ಕೈಗೆ ಕೊಟ್ಟು ನೀವು ಸುಮ್ನೆ ನಿಲ್ಲಿ. ಅತ್ತೆಗೆ ಮಾತ್ರ ಮೊದಲೇ ಹೇಳಿಟ್ಟಿರಿ, ಹೊರಗಿನಿಂದ ಎರಡು ನಿಮಿಷಕ್ಕೊಮ್ಮೆ ‘ಆಂಡಾ ಮಗಾ, ಆಂಡಾ?’ (ಆಯಿತಾ ಮಗಾ, ಆಯಿತಾ?) ಎಂದು ಕೇಳಬಾರದು ಎಂದು.